ಅಡಕತ್ತರಿಯಲ್ಲಿ ಒಡೆದ ಕ್ಲೆಮೆಂಟೆ

2023ರ ಡಿಸೆಂಬರ್. ಕೊನೆಕೊಯ್ಲು ಶುರುವಾಗಿತ್ತು, ಅಂಗಳದ ತುಂಬ ಅಡಿಕೆ. ಜಗುಲಿಯಲ್ಲಿ ಹಳೆ ಪೇಪರ್ ಹಾಸಿಕೊಂಡು, ಫ್ಯಾನ್ ಆಫ್ ಮಾಡಿ, ಅಪ್ಪಯ್ಯನ ಅಡಕತ್ತರಿಯಿಂದ ನಾನು ಒಂದು ಪ್ಲಾಸ್ಟಿಕ್ ಡಬ್ಬಿ ಒಡೆಯುತ್ತಿದ್ದೆ. ಒಳಗಿದ್ದದ್ದು 1962ರ ಬೇಸ್‌ಬಾಲ್ ಕಾರ್ಡ್. ಆ ಡಬ್ಬಿಯನ್ನು ಒಡೆಯಬಾರದು ಅಂತಲೇ ಮಾಡಿರೋದು. ಎರಡು ಗಟ್ಟಿ ಪ್ಲಾಸ್ಟಿಕ್ ಹಲಗೆಗಳನ್ನು ಅಂಚಿನಲ್ಲಿ ಬೆಸೆದುಬಿಟ್ಟಿರುತ್ತಾರೆ, ಮೇಲೆ ಒಂದು ಚೀಟಿ, ಚೀಟಿಯಲ್ಲಿ ಒಂದು ಅಂಕಿ, ಕಾರ್ಡ್ ಎಷ್ಟು ಚೆನ್ನಾಗಿ ಉಳಿದಿದೆ ಅನ್ನೋದಕ್ಕೆ ಹತ್ತರಲ್ಲಿ ಕೊಟ್ಟ ಗ್ರೇಡ್. ನನ್ನ ಚೀಟಿಯಲ್ಲಿ 5 ಅಂತ ಇತ್ತು. ಅದು 6 ಆಗಬೇಕಿತ್ತು ಅನ್ನೋದು ಒಂಬತ್ತು ವರ್ಷದಿಂದ ನನ್ನ ತಲೆಯಲ್ಲಿ ಕೂತಿದ್ದ ಹುಳ.

ಮೊದಲು ಸ್ವಲ್ಪ ಹಿನ್ನೆಲೆ ಹೇಳ್ತೇನೆ. ಇಲ್ಲಾಂದ್ರೆ ಶಿರಸಿ ಕಡೆಯ ಅಡಿಕೆ ಮನೆಯಲ್ಲಿ ಬೇಸ್‌ಬಾಲ್ ಕಾರ್ಡ್ ಎಲ್ಲಿಂದ ಬಂತು ಅಂತ ನೀವು ಕೇಳೋದು ಖಂಡಿತ. ನಾನು ಕೆಲವು ವರ್ಷ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕೆಲಸಕ್ಕಿದ್ದೆ. ಆ ಊರು ನಮ್ಮವರಿಗೆ ಗೊತ್ತಿರೋದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಿಂದ. ನನಗೆ ಮಾತ್ರ ಹಿಡಿಸಿದ್ದು ಊರ ನಡುವಿನ ಒಂದು ಹಳದಿ ಸೇತುವೆ. ಅದರ ಹೆಸರು ರಾಬರ್ಟೊ ಕ್ಲೆಮೆಂಟೆ ಸೇತುವೆ, ದಾಟಿದರೆ ಪೈರೇಟ್ಸ್ ತಂಡದ ಮೈದಾನ. ಈ ಕ್ಲೆಮೆಂಟೆ ಯಾರು ಅಂತ ಆಫೀಸಿನಲ್ಲಿ ಕೇಳಿದೆ. ಒಬ್ಬರು ಹೇಳಿದ್ದು ಕೇಳಿ ಸುಮ್ಮನೆ ಕೂತುಬಿಟ್ಟೆ. ಪೋರ್ಟೊ ರಿಕೋದ ಆಟಗಾರ, ಸರಿಯಾಗಿ 3,000 ಹಿಟ್ ಹೊಡೆದು 1972ರ ಸೀಸನ್ ಮುಗಿಸಿದ. ಅದೇ ವರ್ಷದ ಡಿಸೆಂಬರ್ 31ಕ್ಕೆ ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುವಾಗ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ. ಆ ಆಟದ ನಿಯಮ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಆ ಮನುಷ್ಯನ ಕಾರ್ಡ್ ಒಂದು ನನ್ನ ಹತ್ತಿರ ಇರಲಿ ಅನಿಸಿತು. ಒಂದು ಇದ್ದದ್ದು, ಅದೇ ತಂಡದ ಬೇರೆ ಆಟಗಾರರದ್ದೂ ಸೇರಿ, ಐದಾಯಿತು.

ಕಾರ್ಡ್ ಅಂದ್ರೆ ಏನೋ ದೊಡ್ಡದಲ್ಲ. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರ್ತಿತ್ತಲ್ಲ, ಹಾಗೇನೇ. ಅಲ್ಲಿ ಟಾಪ್ಸ್ ಅನ್ನೋ ಕಂಪನಿ ಐವತ್ತರ ದಶಕದಿಂದ ಚೂಯಿಂಗ್ ಗಮ್ ಜೊತೆ ಈ ರಟ್ಟಿನ ಚಿತ್ರಗಳನ್ನು ಮಾರಿತು. ಮಕ್ಕಳು ಸೈಕಲ್ ಚಕ್ರದ ಕಡ್ಡಿಗೆ ಸಿಗಿಸಿ ಟರ್ರ್ ಅನಿಸಿದರು, ರಬ್ಬರ್ ಬ್ಯಾಂಡ್ ಹಾಕಿಟ್ಟರು, ಅಮ್ಮಂದಿರು ಗುಡಿಸಿ ಎಸೆದರು. ಹಾಗಾಗಿಯೇ ಮೂಲೆ ಮಾಸದೆ ಉಳಿದವಕ್ಕೆ ಇವತ್ತು ಹುಚ್ಚು ಬೆಲೆ. 1952ರ ಮಿಕಿ ಮ್ಯಾಂಟಲ್ ಕಾರ್ಡ್ ಒಂದು, 9.5 ಗ್ರೇಡ್‌ನದ್ದು, 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು. ಕಾರ್ಡ್ ಅದೇ, ಆಟಗಾರ ಅವನೇ, ಮೂಲೆ ಮಡಚಿ ಸುಕ್ಕಾಗಿದ್ದರೆ ಅದರ ಒಂದು ಸಣ್ಣ ಚೂರು ಬೆಲೆಯೂ ಬರೋದಿಲ್ಲ. ಮೇಲಿನ ಅಂಕಿಗಳಲ್ಲಿ ಒಂದು ಮೆಟ್ಟಿಲು ಹತ್ತಿದರೆ ಬೆಲೆ ಎರಡು ಪಟ್ಟು, ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಎಲ್ಲರೂ ಮತ್ತೆ ಮತ್ತೆ ಕಳಿಸೋದು ಅದಕ್ಕೇ.

ಗ್ರೇಡ್ ಕೊಡೋದಕ್ಕೆ ಅಂತಲೇ ಅಲ್ಲಿ ಕಂಪನಿಗಳಿವೆ. ಪಿಎಸ್‌ಎ, ಎಸ್‌ಜಿಸಿ, ಬೆಕೆಟ್ ಅನ್ನೋವು ಹಳಬರ ಬಾಯಲ್ಲಿ ಓಡಾಡುವ ಹೆಸರುಗಳು. ನಾನು ಕಳಿಸಿದ್ದು ಯಾವುದಕ್ಕೆ ಅಂತ ಇಲ್ಲಿ ಬರೆಯೋದಿಲ್ಲ, ಎಲ್ಲಿ ಕಳಿಸಿದ್ದರೂ ಇದೇ ಕಥೆ ಆಗಬಹುದಿತ್ತು. ಅವರು ನೋಡೋದು ನಾಲ್ಕು ವಿಷಯ. ಮೂಲೆ, ಅಂಚು, ಮೇಲ್ಮೈ, ಮತ್ತೆ ಚಿತ್ರ ನಡುವೆ ಕೂತಿದೆಯೋ ಇಲ್ಲವೋ ಅನ್ನೋದು. ನೋಡೋದು ಮನುಷ್ಯರ ಕಣ್ಣು.

ಕಣ್ಣಿನ ಗ್ರೇಡಿಂಗ್ ಅಂದ್ರೆ ಏನು ಅಂತ ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ. ನಾನು ಬೆಳೆದದ್ದೇ ಅದರಲ್ಲಿ. ಚಾಲಿ, ಅಂದ್ರೆ ಬಿಸಿಲಿಗೆ ಒಣಗಿಸಿದ ಅಡಿಕೆ, ಸುಲಿದ ಮೇಲೆ ಬಿಳಿಗೋಟು ಬೇರೆ, ಕೆಂಪುಗೋಟು ಬೇರೆ, ಕಳಪೆಯಾದ ಕೋಕಾ ಬೇರೆ. ಬೇಯಿಸಿದ್ದರಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ. ಆಯಿ ಗೆರಸಿ ಹಿಡಿದು ಕೂತರೆ ಕೈ ತಾನಾಗಿ ಆರಿಸುತ್ತೆ, ಬಾಯಲ್ಲಿ ಬೇರೆ ಸುದ್ದಿ ನಡೀತಾ ಇರುತ್ತೆ. ಆಮೇಲೆ ಅದು ಶಿರಸಿ ಟೆಂಡರ್‌ಗೆ ಹೋಗುತ್ತೆ. ವ್ಯಾಪಾರಿಗಳು ಒಂದು ಮುಷ್ಟಿ ಎತ್ತಿ, ಅಂಗೈಲಿ ಹೊರಳಿಸಿ, ಒಂದೆರಡು ಒಡೆದು ನೋಡಿ ದರ ಬರೀತಾರೆ. ಅವತ್ತಿನ ದರ ಒಪ್ಪಿಗೆ ಇಲ್ಲ ಅಂದ್ರೆ ಕೊಡದೆ ಬಿಡಬಹುದು. ಮುಂದಿನ ವಾರ ಅದೇ ಮಾಲನ್ನು ಬೇರೆ ಕೈ ಎತ್ತಿ ನೋಡಬಹುದು, ನೂರಿನ್ನೂರು ಹೆಚ್ಚೂ ಬರಬಹುದು.

ನಾನು ಮಾಡಹೊರಟಿದ್ದೂ ಇದನ್ನೇ.

ಭಾವ ನ್ಯೂಜೆರ್ಸಿಯಲ್ಲಿದ್ದಾನೆ, ರಜೆಗೆ ಬಂದಿದ್ದ. ವಾಪಸ್ ಹೋಗುವಾಗ ಕೈಚೀಲದಲ್ಲಿ ಒಯ್ದು ಅಲ್ಲಿಂದ ಕಳಿಸ್ತೇನೆ ಅಂದ. ಡಿಸೆಂಬರ್ ಆರಿಸಿಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮಳೆಗಾಲದಲ್ಲಿ ಕಾರ್ಡನ್ನು ಡಬ್ಬಿಯಿಂದ ಹೊರಗೆ ತೆಗೆಯೋದು ಅಂದ್ರೆ ಹಪ್ಪಳವನ್ನು ಅಂಗಳದಲ್ಲಿ ಬಿಟ್ಟಂಗೆ. ರಟ್ಟು ನೀರು ಕುಡಿಯುತ್ತೆ, ಬಾಗುತ್ತೆ. ಆ ಡಬ್ಬಿಗಳು ಕೂಡ ಗಾಳಿಯಾಡದಷ್ಟು ಬಿಗಿ ಏನಲ್ಲ. ಜುಲೈನಲ್ಲಿ ನಮ್ಮ ಮನೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆ ಎಲ್ಲ ಬೂಷ್ಟು. ನಾನು ತೇವ ನೋಡುವ ಒಂದು ಸಣ್ಣ ಮೀಟರ್ ತಂದಿಟ್ಟಿದ್ದೇನೆ, ಕೋಣೆಯಲ್ಲಿ 90ರ ಹತ್ತಿರ ತೋರಿಸುತ್ತೆ. ಅದಕ್ಕೇ ಕಾರ್ಡುಗಳೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತವೆ. ಒಲೆ ಮೇಲಿನ ಅಟ್ಟದಲ್ಲಿ ಇಡು, ಉಪ್ಪಿನಕಾಯಿ ಜಾಡಿ ಪಕ್ಕ ಜಾಗ ಇದೆ ಅಂತ ಆಯಿ ಹೇಳಿದ್ದಳು. ತೇವದ ಲೆಕ್ಕದಲ್ಲಿ ಅವಳು ಹೇಳಿದ್ದು ತಪ್ಪಲ್ಲ. ಹೊಗೆಯದ್ದೇ ತೊಂದರೆ.

ಎರಡು ದಾರಿ ಇವೆ. ಒಂದು, ಡಬ್ಬಿ ಒಡೆಯದೆ ಹಾಗೇ ರಿವ್ಯೂಗೆ ಕಳಿಸೋದು. ಅವರು ಪ್ಲಾಸ್ಟಿಕ್ ಮೂಲಕವೇ ನೋಡಿ, ಹೆಚ್ಚು ಕೊಡಬಹುದು ಅನಿಸಿದರೆ ಕೊಡ್ತಾರೆ, ಇಲ್ಲಾಂದ್ರೆ ಇದ್ದ ಅಂಕಿಯಲ್ಲೇ ವಾಪಸ್. ಇಳಿಯೋ ಭಯ ಇಲ್ಲ, ಫೀಸು ಮಾತ್ರ ಹೋಗುತ್ತೆ. ಆದರೆ ಹಳೇ ಅಂಕಿ ಕಣ್ಣೆದುರೇ ಇರುತ್ತೆ, ಅದನ್ನು ನೋಡಿದವನು ತನ್ನದೇ ಕಂಪನಿಯ ಮಾತನ್ನು ಸುಲಭಕ್ಕೆ ಬದಲಿಸ್ತಾನಾ? ಇನ್ನೊಂದು ದಾರಿ, ಒಡೆದು, ಹೊಸ ಕಾರ್ಡ್ ಥರ ಬೋಳಾಗಿ ಕಳಿಸೋದು. ಆಗ ಹಳೆ ಅಂಕಿಯ ನೆರಳಿಲ್ಲ. ಏರಬಹುದು, ಇಳಿಯಬಹುದು, ಇದಕ್ಕೆ ಅಂಕಿಯೇ ಕೊಡೋಲ್ಲ ಅಂತಲೂ ಹೇಳಬಹುದು.

ಒಡೆಯೋದಕ್ಕೆ ಮೊದಲು ಐದನ್ನೂ ಅಂಗಳಕ್ಕೆ ತಂದು ಬೆಳಗಿನ ಬಿಸಿಲಲ್ಲಿ ಇಟ್ಟೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್, ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಪಟ್ಟಿ, ಒಂದು ನೋಟ್‌ಬುಕ್. 1962ರ ಕ್ಲೆಮೆಂಟೆ ಕಾರ್ಡಿನ ಸುತ್ತ ಮರದ ಹಲಗೆ ಥರದ ಬಣ್ಣ, ಫೋಟೋದ ಬಲಗಡೆಯ ಕೆಳಮೂಲೆ ಕಾಗದ ಸುರುಳಿ ಸುತ್ತಿದಂತೆ ಚಿತ್ರ ಬರೆದಿದ್ದಾರೆ. ಹೆಸರು ಬಾಬ್ ಕ್ಲೆಮೆಂಟೆ ಅಂತ ಇದೆ. ರಾಬರ್ಟೊ ಅನ್ನೋ ಹೆಸರು ಅವನಿಗೆ ಬೇಕಿತ್ತು, ಆದರೂ 1957ರಿಂದ 1969ರ ತನಕ ಟಾಪ್ಸ್ ಕಾರ್ಡುಗಳು ಅವನನ್ನು ಬಾಬ್ ಅಂತಲೇ ಕರೆದವು. ನನ್ನ ಆಫೀಸಿನಲ್ಲೂ ನನ್ನ ಹೆಸರನ್ನು ಎರಡಕ್ಷರಕ್ಕೆ ಕತ್ತರಿಸಿದ್ದರು, ಹಾಗಾಗಿ ಈ ಕಾರ್ಡ್ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಎಡ ಅಂಚು ಎರಡೂವರೆ ಮಿಲಿಮೀಟರ್, ಬಲ ಒಂದೂವರೆ. ಒಟ್ಟು ನಾಲ್ಕರಲ್ಲಿ ಎರಡೂವರೆ, ಅಂದ್ರೆ ಸುಮಾರು 62ಕ್ಕೆ 38. ಪಿಎಸ್‌ಎ ಅಳತೆಯಲ್ಲಿ 7ಕ್ಕೂ ಸುಮಾರು 70ಕ್ಕೆ 30 ಇದ್ದರೆ ನಡೆಯುತ್ತೆ. ಹಾಗಾದ್ರೆ ಇದನ್ನು 5ಕ್ಕೆ ಎಳೆದದ್ದು ಏನು? ಮೂಲೆಗಳು ಸ್ವಲ್ಪ ಮೆತ್ತಗಾಗಿವೆ, ಹೌದು. ಆದರೆ ಲೆನ್ಸಿನಲ್ಲಿ ಕಂಡದ್ದು ಬೇರೆ. ಮುಖದ ಎಡಗಡೆ ಒಂದು ಮಂಜು ಮಂಜಾದ ಪಟ್ಟೆ. ಗಮ್ ಪೊಟ್ಟಣದ ಮೇಣದ ಕಾಗದವನ್ನು ಬಿಸಿ ಮಾಡಿ ಅಂಟಿಸುತ್ತಿದ್ದರು, ಆ ಮೇಣ ಕಾರ್ಡಿಗೂ ಹತ್ತುತ್ತಿತ್ತು. ಅದು ಕಲೆ ಥರ ಕಾಣುತ್ತೆ, ಆದ್ರೆ ಕಲೆ ಅಲ್ಲ, ಹೋಗುತ್ತೆ.

ನನ್ನ ಬರಹದ ಮುಖ್ಯ ಮಾತು ಇದೇ. ಸುಮ್ನೆ ‘ನನ್ನ ಕಾರ್ಡಿಗೆ ಅನ್ಯಾಯ ಆಗಿದೆ’ ಅಂತ ಕಳಿಸಿದರೆ ಅದು ಲಾಟರಿ ಟಿಕೆಟ್. ಇಲ್ಲಿ ನೋಡಿ, ಈ ಪಟ್ಟೆ, ಇದರಿಂದ ಅಂಕಿ ಹೋಗಿದೆ, ಈಗ ಅದು ಇಲ್ಲ ಅಂತ ಬೆರಳಿಟ್ಟು ತೋರಿಸಲಿಕ್ಕೆ ಆದ್ರೆ ಮಾತ್ರ ಒಡೆಯಿರಿ. ಐದರಲ್ಲಿ ಒಂದಕ್ಕೆ ಮಾತ್ರ ನನಗೆ ಹಾಗೆ ಹೇಳಲಿಕ್ಕೆ ಬರ್ತಿತ್ತು. ಆದರೂ ಐದನ್ನೂ ಕಳಿಸಿದೆ. ಆಸೆ, ಇನ್ನೇನು.

ಇನ್ನೊಂದು 1971ರ ಕ್ಲೆಮೆಂಟೆ, 630ನೇ ನಂಬರ್. ಆ ವರ್ಷದ ಕಾರ್ಡುಗಳಿಗೆ ಕಪ್ಪು ಅಂಚು. ನೋಡಲಿಕ್ಕೆ ಭಾರಿ ಚಂದ, ಇಟ್ಟುಕೊಳ್ಳೋಕೆ ದೊಡ್ಡ ತಲೆನೋವು. ಒಂದು ಚೂರು ಬಣ್ಣ ಎದ್ದರೂ ಕಡಪಾ ಕಲ್ಲಿನ ಮೇಲೆ ಅಕ್ಕಿನುಚ್ಚು ಬಿದ್ದಂಗೆ ಬೆಳ್ಳಗೆ ಕಾಣುತ್ತೆ. ಕಪ್ಪು ಮಾರ್ಕರ್‌ನಿಂದ ತುಂಬಿಸುವ ಪುಣ್ಯಾತ್ಮರೂ ಇದ್ದಾರೆ. ಲೆನ್ಸಿನಲ್ಲಿ ಅದು ಸಿಕ್ಕಿಬೀಳುತ್ತೆ, ಆಮೇಲೆ ಆ ಕಾರ್ಡಿಗೆ ಅಂಕಿಯೇ ಇಲ್ಲ. ನನ್ನದು ಮೂಲೆಯಲ್ಲಿ ಒಂದೇ ಒಂದು ಬಿಳಿ ಚುಕ್ಕಿ ಬಿಟ್ಟರೆ ಶುದ್ಧ. ಆದರೂ ಇದಕ್ಕೂ ಕೊಟ್ಟದ್ದು 5. ಯಾಕೆ ಅಂತ ಒಂಬತ್ತು ವರ್ಷ ತಲೆ ಕೆರೆದುಕೊಂಡಿದ್ದೇನೆ.

ಅಪ್ಪಯ್ಯ ಅಡಿಕೆ ಹರವುತ್ತಾ ಇದ್ದವರು ಬಂದು ನಿಂತರು.

‘ಎಂತದಾ ತಮಾ ಇದು, ಇಸ್ಪೀಟಾ?’

ಹೇಳಿದೆ. ಡಬ್ಬಿ ಕೈಗೆ ತಗೊಂಡರು. ಮುಂದೆ ನೋಡಲಿಲ್ಲ, ಹಿಂದೆ ತಿರುಗಿಸಿದರು. ಸೂರ್ಯನ ಕಡೆ ಹಿಡಿದು, ನೇರಕ್ಕಲ್ಲ, ಸ್ವಲ್ಪ ಓರೆಯಾಗಿ, ಕೆಟ್ಟ ಅಡಿಕೆಯ ಸಿಪ್ಪೆ ನೋಡ್ತಾರಲ್ಲ ಹಾಗೆ, ಮೆಲ್ಲಗೆ ಆಚೆ ಈಚೆ ವಾಲಿಸಿದರು.

‘ಇಲ್ಲೊಂದು ಗೀರು ಇದ್ದಲಾ. ನಿಂಗೆ ಕಾಣ್ತಿಲ್ಯ?’

ಕಾಣಲಿಲ್ಲ. ಅವರು ನನ್ನ ಮಣಿಕಟ್ಟು ಹಿಡಿದು ತಿರುಗಿಸಿದ ಮೇಲೆ ಕಂಡಿತು. ಹಿಂಬದಿಯಲ್ಲಿ, ಅಂಕಿಅಂಶ ಬರೆದ ಸಾಲುಗಳ ನಡುವೆ, ಉಗುರಿನಷ್ಟು ಉದ್ದದ ಒಂದು ಸುಕ್ಕು. ಬಣ್ಣ ಒಡೆದಿಲ್ಲ. ನೇರ ಬೆಳಕಲ್ಲಿ ಮಾಯ, ಓರೆ ಬೆಳಕಲ್ಲಿ ಹಾವಿನ ಮರಿಯಂತೆ ಹೊಳೀತದೆ. 5 ಕೊಟ್ಟವನು ಅದನ್ನು ನೋಡಿದ್ದ. ನಾನು ನೋಡಿರಲಿಲ್ಲ. ಒಂಬತ್ತು ವರ್ಷ ಅವನನ್ನು ಬೈದಿದ್ದೇನೆ.

ಅಪ್ಪಯ್ಯ ಹೇಳಿದ್ದೆಲ್ಲ ಸರಿಯೇನಲ್ಲ ಮತ್ತೆ. 1962ರದ್ದನ್ನು ನೋಡಿ ‘ಇದು ಪೂರಾ ಕೋಕಾ’ ಅಂದರು. ಮರದ ಬಣ್ಣವನ್ನು ಕೊಳೆ ಅಂದುಕೊಂಡಿದ್ದರು.

ಸುಕ್ಕಿನ ಕಾರ್ಡನ್ನು ಒಡೆಯದೆ ರಿವ್ಯೂಗೆ ಇಟ್ಟೆ, ಉಳಿದ ನಾಲ್ಕನ್ನು ಒಡೆದೆ. ಅಡಕತ್ತರಿಯಿಂದ ಮೇಲಿನ ಮೂಲೆಯನ್ನು ಚೀಟಿ ಇರುವ ಕಡೆ ಕಚ್ಚಿ ಹಿಡಿದು ಒತ್ತಿದರೆ ಟಕ್ ಅಂತ ಸೀಳುತ್ತೆ. ಆ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ, ಕಾರ್ಡಿನಿಂದ ದೂರದ ಕಡೆ ತಿರುಗಿಸಬೇಕು. ಮೂರನೇ ಡಬ್ಬಿಯ ಚೂರು ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಕಾರ್ಡಿಗೆ ಬಡಿದಿದ್ದರೆ ಅಲ್ಲೇ ಎರಡು ಅಂಕಿ ಹೋಗ್ತಿತ್ತು. ನಾಲ್ಕನೇದಕ್ಕೆ ಅಡಕತ್ತರಿಯ ಬಾಯಿ ಸ್ವಲ್ಪ ಹಾರಿತು, ಅದನ್ನು ಅವತ್ತು ಯಾರಿಗೂ ಹೇಳಲಿಲ್ಲ.

ಮೇಣ ತೆಗೆಯಲಿಕ್ಕೆ ಅಲ್ಲಿನವರು ಬಳಸೋದು ಹೆಂಗಸರ ತೆಳು ನೈಲಾನ್ ಕಾಲುಚೀಲ. ಹಗುರಾಗಿ ಉಜ್ಜಿದರೆ ಮೇಣ ಬಿಡುತ್ತೆ, ಬಣ್ಣ ಹೋಗಲ್ಲ. ಇದನ್ನು ಹೆಚ್ಚಿನವರು ತಪ್ಪು ಅನ್ನೋದಿಲ್ಲ. ನೀರಲ್ಲಿ ನೆನೆಸೋದರ ಬಗ್ಗೆ ಜಗಳ ಇದೆ. ಅಂಚು ಕತ್ತರಿಸೋದು, ಬಣ್ಣ ಹಚ್ಚೋದು, ಒತ್ತಿ ಸುಕ್ಕು ಮಾಯ ಮಾಡೋದು ಮೋಸವೇ. ಶಿರಸಿ ಪೇಟೆಯ ಒಂದು ಫ್ಯಾನ್ಸಿ ಸ್ಟೋರ್‌ನಲ್ಲಿ ಆ ಕಾಲುಚೀಲ ಕೇಳಿದೆ. ‘ಯಾವ ಸೈಜು, ಯಾರಿಗೆ?’ ಅಂದರು. ಕಾರ್ಡ್ ಒರೆಸಲಿಕ್ಕೆ ಅಂತ ಹೇಳುವ ಧೈರ್ಯ ಬರಲಿಲ್ಲ, ತಂಗಿಗೆ ಅಂದೆ. ಮನೆಗೆ ಬಂದು ಇಪ್ಪತ್ತು ನಿಮಿಷ, ಒಂದೇ ದಿಕ್ಕಿಗೆ, ಉಸಿರು ಬಿಗಿಹಿಡಿದು ಉಜ್ಜಿದೆ. ಪಟ್ಟೆ ಹೋಯಿತು. ಕ್ಲೆಮೆಂಟೆಯ ಮುಖ ಮಂಜಿನ ಕಿಟಕಿ ಒರೆಸಿದಂಗೆ ಹೊರಗೆ ಬಂತು. ಅಂಕಿ ಏನಾದ್ರೂ ಆಗಲಿ, ಆ ಇಪ್ಪತ್ತು ನಿಮಿಷಕ್ಕೆ ಕೊಟ್ಟ ದುಡ್ಡು ಬಂತು ಅನಿಸಿತು.

ಕತ್ತರಿಸೋ ವಿಷಯ ಬಂದಾಗ ಹೋನಸ್ ವ್ಯಾಗ್ನರ್ ಕಥೆ ಹೇಳದೆ ಬಿಡೋಕಾಗಲ್ಲ. ಅವನೂ ಪಿಟ್ಸ್‌ಬರ್ಗ್‌ನ ಹಳೇ ಆಟಗಾರನೇ, ಮೈದಾನದ ಹೊರಗೆ ಅವನ ಕಂಚಿನ ಪ್ರತಿಮೆ ಇದೆ. 1909ರಿಂದ 1911ರ ನಡುವೆ ಸಿಗರೇಟ್ ಪ್ಯಾಕಿನಲ್ಲಿ ಬಂದ ಅವನ ಕಾರ್ಡ್ ತೀರಾ ಅಪರೂಪ. 1991ರಲ್ಲಿ ಪಿಎಸ್‌ಎ ಶುರುವಾದಾಗ ಮೊಟ್ಟಮೊದಲು ಗ್ರೇಡ್ ಮಾಡಿದ್ದು ಆ ಕಾರ್ಡಿನ ಒಂದು ಪ್ರತಿಯನ್ನು, ಸರ್ಟಿಫಿಕೇಟ್ ನಂಬರ್ ಒಂದು, ಗ್ರೇಡ್ 8. 2007ರಲ್ಲಿ 28 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅದನ್ನು ಹಿಂದೆ ಕೊಂಡು ಮಾರಿದ್ದ ಬಿಲ್ ಮಾಸ್ಟ್ರೊ, ಅಂಚು ಕತ್ತರಿಸಿದ್ದು ನಾನೇ ಅಂತ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಈ ಕಸುಬಿನ ಒಂದನೇ ನಂಬರ್ ಚೀಟಿಯೇ ಹೀಗೆ. ಅದಕ್ಕೇ ಈಗ ಅಳತೆ ವಿಷಯದಲ್ಲಿ ಎಲ್ಲರಿಗೂ ಅನುಮಾನ ಜಾಸ್ತಿ, ಆ ಅನುಮಾನದ ಏಟು ನನಗೂ ಬಿತ್ತು, ಈಗ ಹೇಳ್ತೇನೆ.

ಭಾವ ಜನವರಿಯಲ್ಲಿ ಕಳಿಸಿದ. ಮಧ್ಯೆ ಫೆಬ್ರವರಿಯಲ್ಲಿ ಪಿಎಸ್‌ಎಯ ಮಾಲೀಕ ಕಂಪನಿ ಎಸ್‌ಜಿಸಿಯನ್ನೂ ಕೊಂಡುಕೊಂಡ ಸುದ್ದಿ ಬಂತು. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ರಾತ್ರಿ ಹನ್ನೊಂದೂವರೆ, ಬಿಡಕಿ ಬೈಲಿನ ಗದ್ದಲದಲ್ಲಿ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದಾಗ ಭಾವನ ಮೆಸೇಜ್. ಎಣ್ಣೆ ಕೈಯಲ್ಲೇ ತೆಗೆದೆ.

1962ರ ಬಾಬ್ ಕ್ಲೆಮೆಂಟೆ, 5 ಇದ್ದದ್ದು 6. ಭಜಿ ಅಂಗಡಿ ಎದುರೇ ಒಂದು ಸಲ ಕೂಗಿದೆ. 1971ರದ್ದು ರಿವ್ಯೂ ಆಗಿ 5ರಲ್ಲೇ ವಾಪಸ್, ಅಪ್ಪಯ್ಯನ ಗೀರು ಎಲ್ಲಿಗೆ ಹೋಗುತ್ತೆ. ಡೇವ್ ಪಾರ್ಕರ್‌ನ 1974ರ ಕಾರ್ಡ್ 8 ಇದ್ದದ್ದು 8. 1961ರ ಬಿಲ್ ಮ್ಯಾಝೆರೊಸ್ಕಿ, 1960ರ ವರ್ಲ್ಡ್ ಸೀರೀಸನ್ನು ಕೊನೇ ಹೊಡೆತದಲ್ಲಿ ಗೆಲ್ಲಿಸಿದ್ದನಲ್ಲ ಅವನು, 6 ಇದ್ದದ್ದು 5ಕ್ಕೆ ಇಳಿದ.

ಐದನೇದು ವಿಲ್ಲಿ ಸ್ಟಾರ್ಜೆಲ್, 1975ರದ್ದು. ಎರಡು ಬಣ್ಣದ ಅಂಚಿನ ಕಾರ್ಡ್, 8 ಗ್ರೇಡ್ ಇತ್ತು, 9 ಆಗಲಿ ಅಂತ ಒಡೆದಿದ್ದೆ. ಅಂಕಿಯೇ ಇಲ್ಲ. ಕನಿಷ್ಠ ಅಳತೆಗೆ ಕಡಿಮೆ ಇದೆ ಅಂತ ವಾಪಸ್ ಕಳಿಸಿದ್ದಾರೆ.

ಇದರ ಅರ್ಥ ನಾನು ಕತ್ತರಿಸಿದ್ದೇನೆ ಅಂತಲ್ಲ. ಆ ಕಾಲದಲ್ಲಿ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಕೊಯ್ಯುತ್ತಿದ್ದರು, ಕೆಲವು ಕಾರ್ಡ್ ಕಾರ್ಖಾನೆಯಿಂದಲೇ ಒಂದು ಎಳೆ ಚಿಕ್ಕದಾಗಿ ಬರ್ತಿದ್ದವು. ಇರಬೇಕಾದ್ದು ಎರಡೂವರೆ ಇಂಚಿಗೆ ಮೂರೂವರೆ ಇಂಚು. ನನ್ನದು ಅದಕ್ಕಿಂತ ಕೂದಲೆಳೆ ಕಮ್ಮಿ. ಮೊದಲ ಸಲ ನೋಡಿದವರು ಬಿಟ್ಟರು, ಎರಡನೇ ಸಲ ನೋಡಿದವರು ಬಿಡಲಿಲ್ಲ. ಅದೇ ಕಾರ್ಡ್, ಅದೇ ಕಂಪನಿ. ಒಡೆಯದೆ ಇಟ್ಟಿದ್ದರೆ ಇವತ್ತಿಗೂ ಅದು 8. ಪಟ್ಟಿ ನನ್ನ ಕೈಯಲ್ಲೇ ಇತ್ತು, ಅಂಚು ಅಳೆದೆ, ಇಡೀ ಕಾರ್ಡ್ ಅಳೆಯಲಿಲ್ಲ. ಒಡೆಯೋ ಮೊದಲು ಅದೊಂದನ್ನು ಮಾಡಿ ಅಂತ ಎಲ್ಲರಿಗೂ ಹೇಳ್ತೇನೆ. ಡಬ್ಬಿಯೊಳಗೆ ಅಳೆಯೋದು ಕಷ್ಟ, ಆದ್ರೆ ಅದೇ ವರ್ಷದ ಇನ್ನೊಂದು ಕಾರ್ಡಿನ ಡಬ್ಬಿ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸುಮಾರಾಗಿ ಕಣ್ಣಿಗೆ ಸಿಗುತ್ತೆ.

ಒಟ್ಟು ಖರ್ಚು, ಫೀಸು, ಇನ್ಶೂರೆನ್ಸು, ವಾಪಸ್ ಕೊರಿಯರ್ ಎಲ್ಲ ಸೇರಿ ಸುಮಾರು 24,000 ರೂಪಾಯಿ. ಒಂದು ಏರಿತು, ಒಂದು ಇಳಿಯಿತು, ಒಂದು ಅಂಕಿಯನ್ನೇ ಕಳಕೊಂಡಿತು. ಏರಿದ್ದನ್ನು ಮಾರಿದರೆ ಖರ್ಚು ಹುಟ್ಟಬಹುದು, ಆದರೆ ಅದನ್ನು ನಾನು ಮಾರೋದಿಲ್ಲ.

ಇನ್ನೊಂದು ವಿಷಯ, ಇದು ಜಾಸ್ತಿ ಜನಕ್ಕೆ ಹೊಳೆಯೋದಿಲ್ಲ. ಯಾವ ಕಾರ್ಡು ಯಾವ ಗ್ರೇಡಿನಲ್ಲಿ ಎಷ್ಟಿವೆ ಅಂತ ಕಂಪನಿಗಳು ಲೆಕ್ಕ ಇಡ್ತವೆ, ಆ ಲೆಕ್ಕ ನೋಡಿಯೇ ಜನ ಬೆಲೆ ಕಟ್ಟೋದು. ಒಡೆದವರು ಹಳೆ ಚೀಟಿ ವಾಪಸ್ ಕಳಿಸದಿದ್ದರೆ ಹಳೆಯದೂ ಹಾಗೇ ಉಳಿಯುತ್ತೆ, ಹೊಸದೂ ಸೇರುತ್ತೆ. ಒಬ್ಬ ಒಂದೇ ಕಾರ್ಡನ್ನು ನಾಲ್ಕು ಸಲ ಕಳಿಸಿದರೆ ಲೆಕ್ಕದಲ್ಲಿ ಅದು ನಾಲ್ಕು ಕಾರ್ಡ್. ನನ್ನ ನಾಲ್ಕು ಚೀಟಿಗಳಲ್ಲಿ ಮೂರನ್ನು ಭಾವನ ಕೈಲಿ ವಾಪಸ್ ಕಳಿಸಿದೆ. ನಾಲ್ಕನೇದು ಸಿಗಲಿಲ್ಲ. ಆಮೇಲೆ ನೋಡಿದರೆ ಅಪ್ಪಯ್ಯ ಅದನ್ನು ಪಂಚಾಂಗದೊಳಗೆ ಗುರುತಿಗೆ ಇಟ್ಟುಕೊಂಡಿದ್ದಾರೆ. ಹಾಗಾಗಿ ಪಟ್ಟಿಯಲ್ಲಿ 8 ಗ್ರೇಡಿನ ಒಬ್ಬ ಸ್ಟಾರ್ಜೆಲ್ ಇನ್ನೂ ಇದ್ದಾನೆ, ಡಬ್ಬಿಯೇ ಇಲ್ಲದವನು.

ಅಸಲಿ ಸ್ಟಾರ್ಜೆಲ್ ಈಗ ಸಾದಾ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಮೇಜಿನ ಮೇಲಿದ್ದಾನೆ. ಅಂಕಿ ಇಲ್ಲದ ಮೇಲೆ ಭಯವೂ ಇಲ್ಲ, ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡ್ತೇನೆ. ಮೊನ್ನೆ ತಂಗಿಯ ಮಗಳು ಅವನನ್ನು ಇಸ್ಪೀಟಿನ ರಾಜ ಮಾಡಿಕೊಂಡು ಒಂದು ಆಟ ಗೆದ್ದಳು.

ಭಾವ ಫೋನ್ ಮಾಡಿದ್ದ. ಈ ಡಿಸೆಂಬರ್‌ಗೂ ಬರ್ತಾನಂತೆ, ಪಾರ್ಕರ್‌ನ ಇನ್ನೊಂದು ಸಲ ನೋಡೋಣ್ವಾ ಅಂದ. ಓರೆ ಬಿಸಿಲಿಗೆ ಹಿಡಿದು ನೋಡಿದ್ದೇನೆ, ಸುಕ್ಕಿಲ್ಲ. ಅಳತೆಯನ್ನೂ ಪಕ್ಕದಲ್ಲಿಟ್ಟು ನೋಡಿದೆ, ಸರಿ ಇದೆ. ಆದ್ರೆ ಅಡಕತ್ತರಿಯ ಬಾಯಿ ಹಾರಿದ್ದು ಆಯಿಗೆ ಗೊತ್ತಾಗಿ, ಅವಳು ಅದನ್ನು ಎಲ್ಲಿ ಬಚ್ಚಿಟ್ಟಿದ್ದಾಳೋ, ಅಪ್ಪಯ್ಯನ ಕವಳಕ್ಕೂ ಈಗ ಅವಳನ್ನೇ ಕೇಳಬೇಕು.